ಅಂಚು ಕತ್ತರಿಸಿದ ಗುರುತಿನ ಚೀಟಿ

ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಗುರುತಿನ ಕಾರ್ಡನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಹೆಬ್ಬೆರಳಿನಿಂದ ಅದರ ಅಂಚನ್ನು ಸವರಿದ. ಬೈಂಡರಕ್ಕನಿಗೆ ಒಳಗೊಳಗೇ ಹಿಗ್ಗು. ಮೂವತ್ತು ವರ್ಷ ಪುಸ್ತಕ ಹೊಲಿದು ರಟ್ಟು ಕಟ್ಟಿದ ಕೈ ಅವಳದು. ಅಂಚು ಸವರಿ ನೋಡುವವರೆಂದರೆ ಅವಳಿಗೆ ಒಂದು ತೂಕ ಹೆಚ್ಚು ಮರ್ಯಾದೆ.

"ಇದನ್ನ ಕತ್ತರಿಸಿದ್ದು ಯಾರು?" ಎಂದ ಅವನು.

"ನಾನೇ ಸಾರ್! ನಮ್ಮ ಕಟಿಂಗ್ ಮಷಿನ್‌ನಲ್ಲೇ. ಅಂಗಡಿಯವರು ಪ್ಲಾಸ್ಟಿಕ್ ಹಾಕಿದ್ದು ಸೊಟ್ಟಗಿತ್ತು. ಈಗ ನೋಡಿ, ಒಂದು ನೂಲೆಳೆ ಡೊಂಕಿಲ್ಲ."

"ಡೊಂಕಿಲ್ಲ, ಸರಿ. ನಂಬರಿನ ಕೊನೇ ಎರಡು ಅಂಕಿ ಎಲ್ಲಿ? ಈ ಕಡೆ ಹೊಳಪಿನ ಪಟ್ಟಿ ಇರ್ಬೇಕಲ್ಲ, ಅದೆಲ್ಲಿ?"

ಬೈಂಡರಕ್ಕ ಕಾರ್ಡನ್ನು ಇಸಿದುಕೊಂಡು ನೋಡಿದಳು. ಎರಡು ವರ್ಷದಿಂದ ಪರ್ಸಿನಲ್ಲಿದ್ದ ಕಾರ್ಡು. ಅಂಚು ನೋಡಿದ್ದಳೇ ಹೊರತು ಅಕ್ಷರ ನೋಡಿರಲಿಲ್ಲ. ಅವಳ ಕಸುಬೇ ಹಾಗೆ. ಪುಸ್ತಕದೊಳಗೆ ಏನು ಬರೆದಿದೆ ಎಂದು ಓದುತ್ತ ಕೂತರೆ ದಿನಕ್ಕೆ ನಾಲ್ಕು ಪುಸ್ತಕವೂ ಮುಗಿಯುವುದಿಲ್ಲ. ಈಗ ನೋಡಿದರೆ ಹೌದು, ನಂಬರಿನ ಬಾಲ ಇಲ್ಲ.

"ಪಕ್ಕಕ್ಕೆ ನಿಂತ್ಕೊಳ್ಳಿ."

ಪಕ್ಕ ಎಂದರೆ ಗಾಜಿನ ಗೋಡೆಗೆ ತಾಗಿದ ಕಬ್ಬಿಣದ ಕಂಬಿ. ಜನ ಪೆಟ್ಟಿಗೆ ಉರುಳಿಸಿಕೊಂಡು, ಕಾರ್ಡು ತೋರಿಸಿ, ಒಳಗೆ ಹೋಗುತ್ತಲೇ ಇದ್ದರು. ಗಂಟೆ ಎಂಟೂಮುಕ್ಕಾಲು. ಹತ್ತಕ್ಕೆ ಕೌಂಟರ್ ಮುಚ್ಚುತ್ತದೆ. ಆ ವಿಮಾನ ತಪ್ಪಿದರೆ ಮುಂದಿನದು ನಾಳೆ. ನಾಳೆ ಹೋಗಿ ಮಾಡುವುದೇನು? ತಂಗಿಯ ತಲೆಯೊಳಗಿನ ಗಡ್ಡೆಯನ್ನು ಡಾಕ್ಟರು ತೆಗೆಯುವುದು ಇವತ್ತು ನಾಲ್ಕು ಗಂಟೆಗೆ. "ಅಕ್ಕನ ಮುಖ ನೋಡದೆ ಸೈನ್ ಹಾಕಲ್ಲ" ಎಂದು ಅವಳು ಹಟ ಹಿಡಿದು ಮಲಗಿದ್ದಾಳೆ. ಈಗಾಗಲೇ ಎರಡು ಸಲ ಮುಂದೆ ಹಾಕಿದ್ದಾಯಿತು; ಮೂರನೇ ಸಲ ಹಾಕಿದರೆ ಜವಾಬ್ದಾರಿ ನಮ್ಮದಲ್ಲ ಎಂದು ಡಾಕ್ಟರು ನಿನ್ನೆ ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಕಾವಲುಗಾರ ಕರೆಸಿದ ಮೇಲಧಿಕಾರಿ ಬಂದಳು. ಕನ್ನಡಕ, ಬಿಗಿಯಾಗಿ ಕಟ್ಟಿದ ತುರುಬು, ಕೈಯಲ್ಲಿ ವಾಕಿಟಾಕಿ.

"ಇದು ತಿದ್ದಿದ ಕಾರ್ಡು ಅಂತ ಲೆಕ್ಕ ಆಗುತ್ತೆ, ಗೊತ್ತಾ ನಿಮಗೆ?"

"ತಿದ್ದಿಲ್ಲ ಮೇಡಂ, ಬರೀ ನೆಟ್ಟಗೆ ಮಾಡಿದೆ."

"ಪೊಲೀಸರ ಹತ್ರ ಹೀಗೇ ಹೇಳ್ತೀರಾ?"

ಪೊಲೀಸ್ ಎಂಬ ಮಾತು ಕೇಳಿದ್ದೇ ತಡ, ಬೈಂಡರಕ್ಕ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಳು.

"ತಂಗಿಗೆ ಆಪರೇಷನ್ ಮೇಡಂ. ಸಾಕಿದ್ದು ನಾನೇ. ಹೆತ್ತೋರು ಇಲ್ಲ ನಮಗೆ."

ಅಧಿಕಾರಿ ಕನ್ನಡಕದ ಮೇಲಿಂದ ನೋಡಿದಳು. ದನಿ ಒಂದು ಮೆಟ್ಟಿಲು ಇಳಿಯಿತು. "ಬೇರೆ ಏನಾದ್ರೂ ಇದೆಯಾ? ಲೈಸೆನ್ಸು? ಪಾಸ್‌ಪೋರ್ಟು? ಜೆರಾಕ್ಸ್ ನಡೆಯಲ್ಲ, ಮೂಲಪ್ರತಿನೇ ಬೇಕು."

ಪಾಸ್‌ಪೋರ್ಟು! ತಂಗಿಯ ಒತ್ತಾಯಕ್ಕೆ ಮಾಡಿಸಿದ್ದು. ಒಂದು ದಿನ ಹೊರಗೆ ಹೋದದ್ದಿಲ್ಲ, ಇನ್ನೂ ಎಂಟು ತಿಂಗಳ ಜೀವ ಇದೆ. ಗಂಡನಿಗೆ ಫೋನ್ ಒತ್ತಿದಳು. ಗಂಡ ಡ್ರಾಯಿಂಗ್ ಮೇಷ್ಟ್ರು. ಮನೆಯೇ ಬಿದ್ದರೂ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಗೆ ಬರುವ ಆಸಾಮಿ.

"ಪಾಸ್‌ಪೋರ್ಟ್ ತಗೊಂಡು ಓಡಿ ಬನ್ರೀ!"

"ಎಲ್ಲಿದೆ?"

"ದೊಡ್ಡ ಪುಸ್ತಕದಲ್ಲಿ."

ದೊಡ್ಡ ಪುಸ್ತಕವೆಂದರೆ ಇಬ್ಬರಿಗೂ ಗೊತ್ತು. ಕಾಗದಪತ್ರ ಚೆಲ್ಲಾಪಿಲ್ಲಿಯಾಗುತ್ತದೆಂದು ಬೈಂಡರಕ್ಕ ಮನೆಯ ದಾಖಲೆಗಳನ್ನೆಲ್ಲ ಒಟ್ಟು ಮಾಡಿ, ಹೊಲಿದು, ಗಟ್ಟಿ ರಟ್ಟು ಹಾಕಿ ಒಂದೇ ಸಂಪುಟ ಮಾಡಿದ್ದಳು. ಮನೆಪತ್ರ, ಮದುವೆ ಪತ್ರ, ಮೇಷ್ಟ್ರ ಡಿಗ್ರಿ, ನಡುವೆ ಎಲ್ಲೋ ಪುಸ್ತಕದ ಬೆನ್ನಿಗೆ ಅಂಟಿಸಿದ ಪಾಸ್‌ಪೋರ್ಟು.

"ಹರಿದು ತರಲಾ?"

"ಅಯ್ಯೋ, ಹರೀಬೇಡಿ! ಹರಿದ್ರೆ ಅದೂ ಕೆಟ್ಟೋಯ್ತು. ಪುಸ್ತಕನೇ ಎತ್ಕೊಂಡು ಬನ್ನಿ. ಆಟೋ ಹಿಡೀರಿ, ಚೌಕಾಶಿ ಮಾಡ್ಬೇಡಿ."

ಫೋನಿಟ್ಟಳು. ಉಸಿರು ಬಿಡುವಷ್ಟರಲ್ಲಿ ಇನ್ನೊಂದು ನೆನಪಾಯಿತು. ಪುಸ್ತಕ ಕಟ್ಟುವಾಗ ಹಾಳೆಗಳನ್ನೆಲ್ಲ ತಲೆಯ ಕಡೆಗೆ, ಅಂದರೆ ಮೇಲಂಚಿಗೆ, ಕುಟ್ಟಿ ಸಮ ಮಾಡುತ್ತಾರೆ. ಆಮೇಲೆ ಬ್ಲೇಡು. ತಲೆಯ ಕಡೆ ಒಂದು ಗೆರೆಯಷ್ಟಾದರೂ ಹಾರಿಸದೆ ಅವಳು ಯಾವ ಪುಸ್ತಕವನ್ನೂ ಮನೆಯ ಹೊಸ್ತಿಲು ದಾಟಿಸಿದ್ದಿಲ್ಲ. ಪಾಸ್‌ಪೋರ್ಟಿನ ನಂಬರು ಎಲ್ಲಿರುತ್ತದೆ? ಮೇಲ್ಗಡೆ. ಬಲಗಡೆ. ಆವತ್ತು ಹಾರಿಸಿದ್ದಳೋ? ಕಣ್ಣು ಮುಚ್ಚಿ ನೆನೆದಳು. ಬ್ಲೇಡಿನ ಕೆಳಗಿಂದ ಸುರುಳಿಸುತ್ತಿ ಬಿದ್ದ ಚೂರುಗಳು ಕಂಡವು. ಅವುಗಳ ಬಣ್ಣ ಮಾತ್ರ ಕಾಣಲೊಲ್ಲದು.

ಫೋನ್ ಹೊಡೆದುಕೊಂಡಿತು. ತಂಗಿ.

"ಅಕ್ಕಾ, ವಿಮಾನದಲ್ಲಿ ಕೂತ್ಯಾ?"

"ಹೂಂ ಕಣೆ, ಇನ್ನೇನು."

"ದನಿ ಯಾಕೆ ಹಾಗಿದೆ?"

"ಮೊದಲನೇ ಸಲ ಅಲ್ವಾ. ಪುಕ್ಕಲು ನಾನು, ಗೊತ್ತಿಲ್ವಾ ನಿನಗೆ."

ತಂಗಿ ನಕ್ಕಳು. ಆ ನಗುವಿನ ಕೊನೆ ಸ್ವಲ್ಪ ತೊದಲಿತು. ಗಡ್ಡೆ ಮಾತಿನ ಮೇಲೂ ಕೈ ಇಟ್ಟಿದೆ ಎಂದು ಡಾಕ್ಟರು ಹೇಳಿದ್ದು ನಿಜ.

ಒಂಬತ್ತೂನಲವತ್ತಕ್ಕೆ ಮೇಷ್ಟ್ರು ಕಂಡರು. ಒಂದು ಕಾಲಿಗೆ ಚಪ್ಪಲಿಯಿಲ್ಲ. ದೊಡ್ಡ ಪುಸ್ತಕವನ್ನು ಕೂಸಿನ ಹಾಗೆ ಎದೆಗವಚಿಕೊಂಡು ಓಡಿ ಬಂದರು.

ಅಧಿಕಾರಿ ಪುಸ್ತಕದ ತೂಕಕ್ಕೆ ಬೆಚ್ಚಿದಳು. "ಏನ್ರೀ ಇದು, ಪುರಾಣನಾ?"

"ನಮ್ಮ ಸಂಸಾರ ಮೇಡಂ," ಎಂದರು ಮೇಷ್ಟ್ರು ಏದುಸಿರಿನಲ್ಲಿ.

ಅವಳು ಹಾಳೆ ಮಗುಚಿದಳು. ಪಾಸ್‌ಪೋರ್ಟು ಸಿಕ್ಕಿತು. ತಲೆಯ ಕಡೆ ನುಣ್ಣಗೆ ಹಾರಿತ್ತು. ಅಧಿಕಾರಿ ಪುಟವನ್ನು ಮೂಗಿನ ಹತ್ತಿರ ತಂದು, ಟಿಕೆಟನ್ನು ಪಕ್ಕದಲ್ಲಿ ಹಿಡಿದು, ಹೆಸರು ಓದಿದಳು, ಫೋಟೋ ನೋಡಿದಳು, ಮುಖ ನೋಡಿದಳು. ಮತ್ತೆ ನಂಬರಿನ ಒಂದೊಂದೇ ಅಂಕಿಯ ಮೇಲೆ ಪೆನ್ನಿನ ತುದಿ ಇಡುತ್ತ ಹೋದಳು. ಕೊನೆಯ ಅಂಕಿಯ ನೆತ್ತಿ ಅಂಚಿಗೆ ತಾಗಿತ್ತು. ಅದು ಸೊನ್ನೆಯೋ ಆರೋ ಎಂದು ಅವಳ ಪೆನ್ನು ಅಲ್ಲೇ ನಿಂತಿತು.

"ಆರು," ಎಂದು ಕಾವಲುಗಾರ ಬಗ್ಗಿ ನೋಡಿ ಹೇಳಿದ. "ಆರೇ ಮೇಡಂ. ಬಾಲ ಕಾಣುತ್ತೆ."

ಅಧಿಕಾರಿ ಪುಟದ ಕೆಳಗಿನ ಸಾಲಿಗೆ ಬೆರಳಿಟ್ಟಳು. ಅಲ್ಲೂ ಅದೇ ನಂಬರು, ಪೂರ್ತಿ, ಕೊನೆಗೆ ಆರು.

"ಹೋಗಿ," ಎಂದಳು. "ನನ್ನ ಬಾಗಿಲಿಂದ ಒಳಗೆ ಬಿಡ್ತೀನಿ. ಕೌಂಟರಿನವರು ಏನಂತಾರೋ ನನಗೆ ಗೊತ್ತಿಲ್ಲ. ಮತ್ತೆ ಜನ್ಮದಲ್ಲಿ ಇಂಥವಕ್ಕೆ ಬ್ಲೇಡು ತಾಗಿಸ್ಬೇಡಿ."

ಬೈಂಡರಕ್ಕ ಸಂಸಾರವನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದಳು. ಕೌಂಟರಿನ ಮುಂದೆ ಐದು ಜನ. ಗಡಿಯಾರದಲ್ಲಿ ಒಂಬತ್ತು ಐವತ್ತೆರಡು. ಸಾಲಿನಲ್ಲಿ ನಿಂತು ತಂಗಿಗೆ ತಾನೇ ಫೋನ್ ಮಾಡಿದಳು.

"ಲೇ, ನಾನು ಸುಳ್ಳು ಹೇಳ್ದೆ. ಇನ್ನೂ ಕೂತಿಲ್ಲ. ಸಾಲಲ್ಲಿದೀನಿ. ನನ್ನನ್ನ ಬಿಡ್ತಾರೋ ಇಲ್ವೋ ಗೊತ್ತಿಲ್ಲ. ನಾನು ಬಂದ್ರೂ ಸರಿ, ಬರದೇ ಇದ್ರೂ ಸರಿ, ನೀನು ಈಗ ಸೈನ್ ಹಾಕು."

"ಅಕ್ಕಾ, ನಂಗೆ ಭಯ."

"ನನಗೂ ಭಯ ಕಣೆ. ಕೈ ಕಾಲು ನಡುಗ್ತಾ ಇದೆ. ನಡುಗೋ ಕೈಯಲ್ಲೇ ಹಾಕು."

ಆ ಕಡೆ ಯಾರೋ ಕಾಗದ ತರುವ ಸರಪರ ಸದ್ದು. ಮುಂದಿದ್ದವರು ಒಬ್ಬೊಬ್ಬರಾಗಿ ಸರಿದು ಬೈಂಡರಕ್ಕನ ಸರದಿ ಬಂತು.

"ಹಾಕ್ದೆ," ಎಂದಳು ತಂಗಿ. "ಸೊಟ್ಟಗಾಗಿದೆ."

"ಇರ್ಲಿ ಬಿಡು," ಎಂದು ಬೈಂಡರಕ್ಕ ದೊಡ್ಡ ಪುಸ್ತಕವನ್ನು ಕೌಂಟರಿನ ಮೇಲೆ ಇಟ್ಟಳು.