ಗಾಂಜಾ ಗಿಡದ ಬುಡದಲ್ಲಿ ಎರ್ಮೆಲಿಂದಾ

ಗಿಡ ಹೂ ಬಿಡಲು ಶುರು ಮಾಡಿತೆಂದರೆ ನಮಗೆ ಬೆನ್ನು ನೆಟ್ಟಗೆ ಮಾಡುವ ಭಾಗ್ಯವಿರಲಿಲ್ಲ. ಮೇಲೆ ಕಣ್ಣು ಕುಕ್ಕುವ ದೀಪಗಳು. ದೀಪದ ಕೆಳಗೆ ಗಿಡ ವಾಲದಂತೆ ಕಟ್ಟಿದ ಬಲೆ. ಬಲೆಯ ಕಣ್ಣುಗಳಿಂದ ತಲೆ ಎತ್ತಿ ನಿಂತ ದಪ್ಪ ದಪ್ಪ ಹೂಗೊಂಚಲು. ನಮ್ಮ ಕೆಲಸ ಅದರ ಬುಡದಲ್ಲಿ. ಕುಂಡಗಳ ನಡುವೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಬೇಕು. ಬೆಳಕು ಕಾಣದ ಎಲೆ, ಸೊರಗಿದ ರೆಂಬೆ, ಕಾಳಿನಷ್ಟೂ ಬಲಿಯದ ಮೊಗ್ಗು, ಎಲ್ಲ ಕತ್ತರಿಸಿ ಬುಡ ಬೋಳು ಮಾಡಬೇಕು. ಬುಡದಲ್ಲಿ ಗಾಳಿ ಆಡದಿದ್ದರೆ ಬೂಸು ಹಿಡಿಯುತ್ತದೆ. ಬೂಸು ಹಿಡಿದರೆ ಇಡೀ ಕೋಣೆಯ ಫಸಲು ಹಾಳು. ಕತ್ತರಿ ತಪ್ಪಿ ಕಾಂಡಕ್ಕೆ ಗಾಯವಾದರೆ ಕಾವಲುಗಾರ ಫಹಾರ್ದೊನ ಬೂಟು ನಮ್ಮ ಪಕ್ಕೆಗೆ.

ಔಷಧಿಗೆಂದು ಗಾಂಜಾ ಬೆಳೆಯುವ ಕಂಪನಿ ಅದು. ಸರ್ಕಾರದ ಲೈಸೆನ್ಸು ಗಾಜಿನ ಚೌಕಟ್ಟಿನಲ್ಲಿ ಬಾಗಿಲಿಗೇ ತೂಗುತ್ತಿತ್ತು. ಸುತ್ತ ಕಬ್ಬು, ಹಿಂದೆ ನಮ್ಮ ಕೌಕಾ ಸೀಮೆಯ ಬೆಟ್ಟ. ಇದೇ ಗಿಡವನ್ನು ನಾವು ಬೆಟ್ಟದಲ್ಲಿ ಬೆಳೆದರೆ ಸೈನ್ಯ ಬಂದು ಕೀಳುತ್ತದೆ. ಸೈನ್ಯ ಬಿಟ್ಟರೆ ಕಾಡಿನ ಬಂದೂಕಿನವರು ಬಂದು ಪಾಲು ಕೇಳುತ್ತಾರೆ. ಅದಕ್ಕೇ ಬೆಟ್ಟದ ಆದಿವಾಸಿ ಹೆಂಗಸರು ಕೆಳಗಿಳಿದು ಕೂಲಿಗೆ ಸೇರಿದ್ದೆವು.

ಎರ್ಮೆಲಿಂದಾ ದಾಗುವಾ ನನ್ನ ಕೊಮಾದ್ರೆ. ಅವಳ ಮಗಳು ಯೂರಾನಿಗೆ ಜ್ಞಾನಸ್ನಾನ ಮಾಡಿಸಿದಾಗ ಮಗುವನ್ನು ಎತ್ತಿ ಹಿಡಿದವಳು ನಾನು. ಈಗ ಯೂರಾನಿಯೂ ಕೂಲಿಗೆ ಬರುವಷ್ಟು ದೊಡ್ಡವಳಾಗಿದ್ದಳು, ಮೂವರೂ ಒಂದೇ ಕೋಣೆಯಲ್ಲಿ ತೆವಳುತ್ತಿದ್ದೆವು. ಎರ್ಮೆಲಿಂದಾಳ ಬಾಯಿಗೆ ಬೀಗವಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಇಂಜಿನಿಯರ್ ಬಾಯೋನಾ ನಮ್ಮನ್ನು ಸಾಲಾಗಿ ನಿಲ್ಲಿಸಿ, ಕೆಳಗಿನ ರೆಂಬೆಗಳು ಬರೀ ತಿನ್ನುತ್ತವೆ, ಏನೂ ಕೊಡುವುದಿಲ್ಲ, ಅದಕ್ಕೇ ತೆಗೆಯಬೇಕು ಅಂತ ಪಾಠ ಹೇಳಿದ. ಎರ್ಮೆಲಿಂದಾ ಕೈ ಎತ್ತಿದಳು.

"ಕತ್ತರಿ ಮನೆಗೂ ತಗೊಂಡೋಗ್ಬೋದಾ ಇಂಜಿನಿಯರೇ? ನನ್ ಗಂಡನೂ ಅಂಥೋನೇ."

ನಾವು ಬಿದ್ದು ಬಿದ್ದು ನಕ್ಕೆವು. ಬಾಯೋನಾ ನಗಲಿಲ್ಲ.

ಹೂ ತೂಕ ಬರಲಿ ಅಂತ ಕೋಣೆಗೆ ಗ್ಯಾಸ್ ಬಿಡುತ್ತಿದ್ದರು. ಸೋಡಾದಲ್ಲಿ ನೊರೆ ಬರಿಸುವ ಗ್ಯಾಸೇ ಅದು. ಗಿಡಕ್ಕೆ ಊಟ. ಮನುಷ್ಯರಿಗೆ ಹೆಚ್ಚಾದರೆ ಸಾವು. ಗಾಳಿಗಿಂತ ಭಾರ, ನೆಲ ಹಿಡಿದು ನಿಲ್ಲುತ್ತದೆ. ಜನ ಒಳಗಿರುವಾಗ ವಾಲ್ವು ಮುಚ್ಚಬೇಕು ಅಂತ ಬಾಯೋನಾನೇ ಹೇಳಿದ್ದ. ಆದರೆ ಆ ಸಲ ಹೂ ಬಲಿಯುವುದು ತಡವಾಯಿತು. ಮುಚ್ಚುವುದನ್ನು ನಿಲ್ಲಿಸಿದರು. ಗ್ಯಾಸ್ ಹೆಚ್ಚಾದರೆ ಕಿರುಚುವ ಡಬ್ಬಿಯೊಂದು ಗೋಡೆಯಲ್ಲಿತ್ತು. ಅದು ದಿನವೆಲ್ಲ ಕಿರುಚತೊಡಗಿದಾಗ ಅದರ ವೈರು ಕೀಳಿಸಿದರು. ನಿಂತು ಬಲೆ ಕಟ್ಟುವವರಿಗೆ ತಲೆನೋವು ಬರುತ್ತಿತ್ತು. ನೆಲದಲ್ಲಿದ್ದ ನಮಗೆ ಕಣ್ಣು ಕತ್ತಲೆ, ಎದೆಯಲ್ಲಿ ಸುತ್ತಿಗೆ ಬಡಿದಂತೆ.

ಎರ್ಮೆಲಿಂದಾ ಹೋಗಿ ಕೇಳಿದಳು. ವಾಲ್ವು ತೆರೆದೇ ಇದೆ, ಸದ್ದು ಕೇಳುತ್ತಿದೆ, ಮುಚ್ಚಿಸಿ ಅಂದಳು. ಬೆಳಗ್ಗೆ ಹೊಟ್ಟೆ ತುಂಬ ತಿಂದು ಬಂದರೆ ತಲೆ ತಿರುಗುವುದಿಲ್ಲ ಅಂದನಂತೆ ಬಾಯೋನಾ.

ಮರುದಿನ ಬೆಲ್ಲದ ನೀರು ಕುಡಿದು ಒಳಗೆ ಹೋದಾಗ ಮೂಲೆಯ ಕೊಳವೆ ಹಾವಿನಂತೆ ಬುಸುಗುಡುತ್ತಿತ್ತು. ಎರ್ಮೆಲಿಂದಾ ಮಗಳನ್ನು ಬಾಗಿಲ ಹತ್ತಿರದ ಸಾಲಿಗೆ ತಳ್ಳಿದಳು. ಮೂಲೆಯ ಸಾಲು ತಾನು ಹಿಡಿದಳು. ನಾನು ನಡುವೆ. ಸ್ವಲ್ಪ ಹೊತ್ತಿಗೆ ನನ್ನ ಬೆರಳುಗಳು ಕತ್ತರಿಯನ್ನು ಮುಚ್ಚದಾದವು. ಹೇಗೋ ಬಾಗಿಲಿಗೆ ತೆವಳಿ ಬಂದು ವಾಂತಿ ಮಾಡಿಕೊಂಡೆ. ಫಹಾರ್ದೊ ನಗುತ್ತ ಹಿಂದೆ ಸರಿದ. ಕೂಗಿದರೂ ಎರ್ಮೆಲಿಂದಾ ಓಗೊಡುತ್ತಿಲ್ಲ ಅಂತ ಅವನಿಗೆ ಹೇಳಿದೆ.

ಅವನು ಮೂಲೆಗೆ ಹೋದ. ಎಲೆಗಳ ಕೆಳಗಿನಿಂದ ಅವಳ ಪಾದ ಮಾತ್ರ ಕಾಣುತ್ತಿತ್ತು. ಒದ್ದ.

"ಏಳೇ. ಮಲಗೋದಕ್ಕೆ ಕೂಲಿ ಕೊಡ್ತಾರಾ ನಿಂಗೆ?"

ಇನ್ನೊಮ್ಮೆ ಒದ್ದ. ಮತ್ತೂ ಒಮ್ಮೆ, ಈ ಸಲ ಸೊಂಟಕ್ಕೆ. ಆಮೇಲೆ ಕಾಲು ಹಿಡಿದು ಎಳೆದ. ಎರ್ಮೆಲಿಂದಾಳ ತುಟಿ ನೀಲಿಗಟ್ಟಿತ್ತು. ಕಣ್ಣು ತೆರೆದೇ ಇದ್ದವು.

ಯೂರಾನಿ ಅಳಲಿಲ್ಲ. ಓಡಿ ಬಂದು ಕತ್ತರಿಯನ್ನು ಫಹಾರ್ದೊನ ತೊಡೆಗೆ ಹಿಡಿಕೆಯವರೆಗೂ ಇಳಿಸಿದಳು. ಅವನು ಬಂದೂಕಿನ ಹಿಂಬದಿಯಿಂದ ಅವಳ ದವಡೆಗೆ ಬೀಸಿದ. ಮೂಳೆ ಮುರಿದ ಸದ್ದು ನಮಗೆಲ್ಲ ಕೇಳಿಸಿತು. ಬಿದ್ದವಳಿಗೆ ಮತ್ತೆ ಹೊಡೆದ. ರಕ್ತದ ಜೊತೆ ಹಲ್ಲು ಬಿದ್ದವು. ನಾನು ಅವನ ಬಂದೂಕು ಹಿಡಿದುಕೊಂಡೆ. ನನ್ನ ಎರಡು ಬೆರಳು ತಿರುಚಿ ಮುರಿದ.

ಬಾಯೋನಾ ಬಂದ. ಮೂಗಿಗೆ ಕರವಸ್ತ್ರ ಹಿಡಿದು, ಬಾಗಿಲೆಲ್ಲ ತೆಗೆಸಿ, ತನ್ನ ಕೈಯಾರೆ ವಾಲ್ವು ಮುಚ್ಚಿದ. ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದ. ತಿರುಗಿ ಬಂದವನು ನಮ್ಮ ಮುಖ ನೋಡದೆ ಹೇಳಿದ.

"ಇವಳು ಕೆಲಸ ಮುಗಿಸಿ ಮನೆಗೆ ಹೋಗ್ತಿದ್ಲು. ರಸ್ತೇಲಿ ಯಾವ್ದೋ ಗಾಡಿ ಹೊಡೀತು. ಎಲ್ರಿಗೂ ಅರ್ಥ ಆಯ್ತಲ್ಲ?"

ಕಾವಲುಗಾರರು ಹೆಣವನ್ನು ಪಿಕಪ್ಪಿಗೆ ಎಸೆದು ಕಬ್ಬಿನ ಹಾದಿಗೆ ಒಯ್ದರು. ನಾವು ಗೇಟಿನ ಸರಳು ಹಿಡಿದು ನೋಡುತ್ತಿದ್ದೆವು. ಅವಳನ್ನು ಮಣ್ಣಿನಲ್ಲಿ ಮಲಗಿಸಿದರು. ಪಿಕಪ್ ಸ್ವಲ್ಪ ಮುಂದೆ ಹೋಯಿತು. ನಿಂತಿತು. ಹಿಂದಕ್ಕೆ ಬಂತು. ಅವಳ ಮೇಲೆ ಹತ್ತಿ ಇಳಿಯಿತು.

ನಮ್ಮ ಜೊತೆ ತೆವಳುತ್ತಿದ್ದ ಮುದುಕಿ ದೋನ್ಯಾ ತ್ರಾನ್ಸಿತೊ ಮೊದಲು ತಿರುಗಿದಳು. ಅವಳ ಹಿಂದೆ ನಾವೆಲ್ಲ ಹೂವಿನ ಕೋಣೆಗೆ ಹೋದೆವು. ಬಗ್ಗಿ, ಕಾಂಡವನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿದೆವು. ಕತ್ತರಿಗೆ ಜಗ್ಗದ ಕಾಂಡಗಳನ್ನು ತುಳಿದು ಮುರಿದೆವು. ಒಂದು ಸಾಲು ಮುಗಿದರೆ ಇನ್ನೊಂದು. ಬಲೆ ಜೋತು ಬಿತ್ತು. ಹೂಗೊಂಚಲು ನೆಲಕ್ಕುರುಳಿ ಕಾಲಿಗೆ ಅಂಟುತ್ತಿದ್ದವು. ಮುರಿದ ಬೆರಳು ಬಿಟ್ಟು ಉಳಿದ ಕೈಯಲ್ಲಿ ನಾನೂ ಕಿತ್ತೆ. ಕಾವಲುಗಾರರು ಮೊದಲು ಸೂರಿಗೆ ಗುಂಡು ಹಾರಿಸಿದರು. ದೀಪಗಳು ಸಿಡಿದು ಗಾಜು ತಲೆಯ ಮೇಲೆ ಉದುರಿತು. ಆಮೇಲೆ ನಮ್ಮ ಕಡೆಗೇ ಹಾರಿಸಿದರು. ತ್ರಾನ್ಸಿತೊಳ ಭುಜಕ್ಕೆ ಬಿತ್ತು. ಅವಳು ಕತ್ತರಿಯನ್ನು ಇನ್ನೊಂದು ಕೈಗೆ ತೆಗೆದುಕೊಂಡಳು.

ಬಾಯೋನಾ ಬಾಗಿಲಲ್ಲಿ ನಿಂತು ಬೇಡಿಕೊಂಡ. ಗಿಡಗಳದ್ದೇನು ತಪ್ಪು ತಾಯಂದಿರಾ ಅಂದ. ಆ ಮಾತಿಗೆ, ಮುಖವೆಲ್ಲ ರಕ್ತವಾಗಿದ್ದ ಯೂರಾನಿ ಗಂಟಲೊಳಗಿಂದ ಒಂದು ಸದ್ದು ಮಾಡಿದಳು. ಅದು ನಗುವೋ ಏನೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಗಿಡವೂ ನಿಂತಿಲ್ಲ ಅಂದಾಗ ಹೊರಗೆ ಬಂದೆವು.

ಸಂಜೆಗೆ ತನಿಖೆ ಮಾಡುವ ಸರ್ಕಾರಿ ವಕೀಲ ಬಂದ. ಬಿದ್ದ ಗಿಡಗಳ ಫೋಟೊ ಒಂದೊಂದಾಗಿ ತೆಗೆಸಿದ. ಎರ್ಮೆಲಿಂದಾಳ ಫೋಟೊ ತೆಗೆಯಲಿಲ್ಲ. ಅವಳದು ರಸ್ತೆ ಅಪಘಾತವಂತೆ. ಕೇಸು ನಮ್ಮ ಮೇಲೆ, ಕಂಪನಿಯ ಆಸ್ತಿ ನಾಶ ಮಾಡಿದ್ದಕ್ಕೆ. ವಾಲ್ವಿನ ವಿಷಯ ನಾನು ಮೂರು ಸಲ ಹೇಳಿದೆ. ಅದು ಬೇರೆ ಇಲಾಖೆ ಅಂದ.

ಬೆಟ್ಟಕ್ಕೆ ಸುದ್ದಿ ಮುಟ್ಟಿತು. ನಮ್ಮ ಊರುಗಳನ್ನು ಕಾಯಲು ನಾವೇ ಆರಿಸಿದ ಕಾವಲಿನವರು, ಗಂಡಸರು, ಹೆಂಗಸರು, ಕೈಯಲ್ಲಿ ಕೋಲು ಮಾತ್ರ ಹಿಡಿದು ಇಳಿದು ಬಂದರು. ಹೆಣವನ್ನು ಪೆಟ್ಟಿಗೆಯಲ್ಲಿಟ್ಟೆವು. ಮಣ್ಣು ಮಾಡಲು ಬೆಟ್ಟಕ್ಕೆ ಒಯ್ಯಲಿಲ್ಲ. ಹೆದ್ದಾರಿಯ ನಡುವೆ ಇಳಿಸಿ ಸುತ್ತ ಕೂತೆವು. ಕಬ್ಬಿನ ಲಾರಿಗಳು ಕಣ್ಣು ಹಾಯುವಷ್ಟು ದೂರ ನಿಂತವು. ಕೆಲವು ಡ್ರೈವರುಗಳು ಬೈದರು. ಒಬ್ಬ ಇಳಿದು ಬಂದು, ಏನಾಯಿತು ಅಂತ ಕೇಳಿ ತಿಳಿದು, ಲಾರಿಯನ್ನು ತಾನೇ ರಸ್ತೆಗೆ ಅಡ್ಡ ನಿಲ್ಲಿಸಿದ.

ಗುರಾಣಿ ಹಿಡಿದ ಪೊಲೀಸರು ಬಂದರು. ಅವರ ಅಧಿಕಾರಿ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ನಿಮ್ಮ ಲೀಡರ್ ಯಾರು, ನಾನು ಅವರ ಹತ್ತಿರ ಮಾತಾಡಬೇಕು ಅಂದ.

ನಾನು ಪೆಟ್ಟಿಗೆಯ ಮೇಲೆ ಕೈ ಇಟ್ಟೆ.

"ಇಲ್ಲೇ ಮಲಗವ್ಳೆ. ಹೆಂಗೆ ಸತ್ತೆ ಅಂತ ಕೇಳು. ಅದನ್ನ ಬರ್ಕೊಂಡ್ರೆ ಏಳ್ತೀವಿ."

ಅವನು ಪೆಟ್ಟಿಗೆಯ ಕಡೆ ನೋಡಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಹಿಂದೆ ಹೋದ. ಗುರಾಣಿಗಳು ಸಾಲುಗಟ್ಟಿ ಮುಂದೆ ಬರತೊಡಗಿದವು. ದವಡೆಗೆ ಬಟ್ಟೆ ಕಟ್ಟಿದ್ದ ಯೂರಾನಿ ನನ್ನ ತೋಳಿನೊಳಗೆ ತನ್ನ ತೋಳು ತೂರಿಸಿದಳು. ಯಾರೂ ಏಳಲಿಲ್ಲ.