ಅಂಜಿನಕ್ಕನ ಅಡುಗೆಮನೆಯ ತೂಗುಚೌಕಟ್ಟು

ತೆಲಿಗಿಯ ಬಸ್‌ಸ್ಟ್ಯಾಂಡಿನ ಎದುರು ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಗಾದಿಲಿಂಗಪ್ಪ, ಕೈಗೆ ಬಂದದ್ದನ್ನು ಸರಿಮಾಡದೆ ಬಿಟ್ಟವನಲ್ಲ. ಆದರೆ ೧೯೯೮ರ ಬೇಸಿಗೆಯಲ್ಲಿ ದಾವಣಗೆರೆಯ ಕಣ್ಣಿನ ಡಾಕ್ಟರು ಅವನ ಹೆಂಡತಿ ಅಂಜಿನಕ್ಕನನ್ನು ಪರೀಕ್ಷಿಸಿ, "ನರ ಒಣಗಿದೆ. ಹೋದ ದೃಷ್ಟಿ ಬರೋದಿಲ್ಲ. ಇರೋದಾದರೂ ಉಳೀಲಿ ಅಂತ ಈ ಹನಿ ಹಾಕಿ" ಎಂದುಬಿಟ್ಟರು. 

ಅಂಜಿನಕ್ಕನಿಗೆ ನೇರ ಎದುರಿನದಷ್ಟೇ ಕಾಣುತ್ತಿತ್ತು. ಪಕ್ಕದ್ದಾಗಲಿ, ಕಾಲಬುಡದ್ದಾಗಲಿ ಕಾಣುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಿಸಿ ಸಾರು ಹಿಡಿದು ಬರುವಾಗ ನೆಲದ ಮೇಲಿದ್ದ ಬಾಣಲೆ ಎಡವಿ ಪಾದ ಸುಟ್ಟುಕೊಂಡಳು. ಗಾದಿಲಿಂಗಪ್ಪ ಸುಟ್ಟ ಜಾಗಕ್ಕೆ ನೀರು ಹುಯ್ಯುತ್ತಾ ಅಡುಗೆಮನೆಯ ನೆಲವನ್ನೇ ದಿಟ್ಟಿಸಿದ. ಎಲ್ಲಿ ನೋಡಿದರೂ ಪಾತ್ರೆ.

ಪಕ್ಕದ ಮನೆಯ ಏಕಾಂತಪ್ಪ ತನ್ನ ಹಳೆಮನೆ ಕೆಡವಿಸಿದ್ದ. ತೇಗದ ಬಾಗಿಲ ಚೌಕಟ್ಟು ಬೇಲಿಗೆ ಒರಗಿ ಬಿದ್ದಿತ್ತು.

"ಒಲಿಗೆ ಹಾಕಬೇಕಂತ ಇಟ್ಟೀನಿ. ಬೇಕಾದ್ರ ಒಯ್ಯೋ," ಅಂದ ಏಕಾಂತಪ್ಪ.

ಗಾದಿಲಿಂಗಪ್ಪ ಮೂರು ದಿನ ಅಂಗಡಿ ತೆಗೆಯಲಿಲ್ಲ. ತುಕ್ಕು ಹಿಡಿದ ಮೊಳೆ ಕಿತ್ತ, ಗೆದ್ದಲು ತಿಂದ ತುದಿ ಕೊಯ್ದ, ಉಳಿದದ್ದನ್ನು ಉಜ್ಜಿ ಗಿಡ್ಡ ಏಣಿಯಂಥದೊಂದು ಚೌಕಟ್ಟು ಕೂಡಿಸಿದ. ಸೈಕಲ್ ಕ್ಯಾರಿಯರಿನ ಸರಳು ಬಗ್ಗಿಸಿ ಕೊಕ್ಕೆ ಮಾಡಿದ. ಹಳೆಯ ಚೈನುಗಳಿಂದ ಅದನ್ನು ತೊಲೆಗೆ ತೂಗುಹಾಕುವಾಗ ಹೆಂಡತಿಯನ್ನು ಕೆಳಗೆ ನಿಲ್ಲಿಸಿಕೊಂಡ.

"ಕೈ ಎತ್ತು ನೋಡಾಣ. ನಿಲುಕ್ತೈತೇನು?"

"ಎಷ್ಟು ಸಲ ಎತ್ತಿಸ್ತೀರಿ? ರಟ್ಟಿ ನೋಯಾಕ ಹತ್ಯಾವು," ಎಂದು ಅಂಜಿನಕ್ಕ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಬಾಣಲೆ, ಜರಡಿ, ಚರಿಗೆ, ಸೌಟು ಎಲ್ಲ ಮೇಲೇರಿದವು. ನೆಲ ಬಯಲಾಯಿತು. ಯಾವ ಕೊಕ್ಕೆಗೆ ಯಾವುದೆಂದು ಅವಳು ವಾರದಲ್ಲೇ ಕಲಿತಳು. ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದಳು. ಗಾದಿಲಿಂಗಪ್ಪ ಅಂಗಡಿಯಲ್ಲಿ ಪಂಕ್ಚರ್ ತಿದ್ದುತ್ತಾ, ಕಣ್ಣಿನ ಕತೆ ಅಲ್ಲಿಗೆ ನಿಂತಿತೇನೋ ಎಂಬ ಹಾಗೆ ಹಾಡಿಕೊಳ್ಳುತ್ತಿದ್ದ.

ದೀಪಾವಳಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಊಟಕ್ಕೆ ಬಂದ. ಕಿಟಕಿಯ ಬಿಸಿಲು ಪಾತ್ರೆಗಳ ಮೇಲೆಲ್ಲ ಬಿದ್ದಿತ್ತು. ಅಂಜಿನಕ್ಕ ಚೌಕಟ್ಟಿನ ಮೇಲೆ ಬೆರಳಾಡಿಸಿ ಕೊಕ್ಕೆ ಎಣಿಸುತ್ತಿದ್ದಳು. ಕಣ್ಣು ಮುಚ್ಚಿತ್ತು.

"ಕಣ್ಣು ಮುಚ್ಚಿ ಯಾಕ ಹುಡುಕ್ತಿ? ಬಾಣಲಿ ನಿನ್ನ ಮುಂದ ಐತಿ."

ಅವಳು ತಿರುಗಲಿಲ್ಲ. "ತೆರೆದ್ರೂ ಅಷ್ಟ ರೀ. ಎಂಟು ದಿನ ಆತು."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಮತ್ತೇನಾರ ಮಾಡಾಕ ಕುಂಡ್ರತಿದ್ರಿ. ಇದಕ್ಕ ಏನ್ ಮಾಡಾಕ ಬರ್ತೈತಿ?"

ಗಾದಿಲಿಂಗಪ್ಪ ಗೂಡಿನಲ್ಲಿದ್ದ ಹನಿಯ ಶೀಶೆ ತೆಗೆದು ನೋಡಿದ. ಡಾಕ್ಟರು ಕೊಟ್ಟ ಹನಿಯನ್ನು ಒಂದು ಹೊತ್ತೂ ತಪ್ಪಿಸದೆ ತಾನೇ ಹಾಕಿದ್ದ. ಮತ್ತೆ ದಾವಣಗೆರೆಗೆ ಹೋದರು. ಡಾಕ್ಟರು ಅದೇ ಮಾತು ಇನ್ನಷ್ಟು ಮೆಲ್ಲಗೆ ಹೇಳಿದರು.

ಆಮೇಲೆ ಗಾದಿಲಿಂಗಪ್ಪ ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಒಲೆಯ ಪಕ್ಕ ಕೂರತೊಡಗಿದ. ಹಂಚಿನ ಮೇಲಿನ ರೊಟ್ಟಿಯನ್ನೇ ನೋಡುತ್ತಿದ್ದು, "ತಿರುವಿ ಹಾಕು, ಕೆಂಪಗಾಗೈತಿ," ಎನ್ನುವನು. ಅವನು ಹೇಳುವಷ್ಟರಲ್ಲಿ ಅವಳು ರೊಟ್ಟಿ ತಿರುವಿಯೇ ಬಿಟ್ಟಿರುತ್ತಿದ್ದಳು.

"ನನಗ ವಾಸನಿಗೇ ಗೊತ್ತಾಗ್ತೈತಿ. ನೀವು ಸುಮ್ನ ಊಟ ಮಾಡ್ರಿ."

ಗಾದಿಲಿಂಗಪ್ಪ ತಟ್ಟೆ ಎಳೆದುಕೊಂಡ. ರೊಟ್ಟಿ ಮುರಿದ. ತುತ್ತು ಕೈಯಲ್ಲೇ ಉಳಿಯಿತು. ಎದುರಿಗೆ ಕೂತು ಅಳುತ್ತಿದ್ದರೂ ಅವಳಿಗೆ ಕಾಣುತ್ತಿರಲಿಲ್ಲ. ಸದ್ದಾಗದಂತೆ ನೋಡಿಕೊಂಡರೆ ಸಾಕಿತ್ತು.