ಬೈಲಪ್ಪನವರ ಗೋಡೆ ಮತ್ತು ಮೂರು ಪ್ರಣಾಳಿಕೆಗಳು

ಸಂಜೆಯ ಮಳೆಗೆ ಬೈಲಪ್ಪನವರ ಕಟ್ಟಡದ ಕೆಳಮನೆಗೆ ಮತ್ತೆ ನೀರು ನುಗ್ಗಿತು. ಕೆ.ಆರ್.ಪುರದಲ್ಲಿ ಕೆರೆಯ ಕೆಳಗಿನ ಬೀದಿ ಅದು. ಕೆಳಮನೆಯಲ್ಲಿ ಬಾಡಿಗೆಗಿದ್ದ ನೌರೀನ್ ಪುಟ್ಟ ಮಗಳು ಅರೀಬಾಳನ್ನು ಎತ್ತಿಕೊಂಡು ಮೇಲೆ ಓಡಿ ಬಂದಳು. ಪುಲಿಕೇಶಿನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು ಆಕೆ.

"ಅಂಕಲ್, ಬೇರೆ ಮನೆ ನೋಡ್ಕೋತೀನಿ. ಮಗು ಇಟ್ಕೊಂಡು ಇಲ್ಲಿ ಆಗಲ್ಲ," ಎಂದಳು.

ಬೈಲಪ್ಪನವರ ಹೆಂಡತಿ ಅಣ್ಣಮ್ಮ ಮಗುವಿನ ಕಾಲು ಒರೆಸುತ್ತ ಗಂಡನನ್ನು ನೋಡಿದರು. "ಈ ಮಗೂನ ಕಳಿಸಿ ಯಾರನ್ನ ಕರ್ಕೊಂಡು ಬರ್ತೀರಿ? ಮೀನು ಸಾಕೋರನ್ನಾ?"

"ಮಳೆ ಬಂದ್ರೆ ನಾನೇನ್ಮಾಡ್ಲಿ? ಚುನಾವಣೆ ಬಂತಲ್ಲ, ನಮ್ಮೋರಿಗೆ ಹೇಳಿ ಪಂಪ್ ಹಾಕಿಸ್ತೀನಿ."

"ಪಂಪು ನೀರನ್ನ ಎಲ್ಲಿಗೆ ಬಿಡುತ್ತೆ ಅಂಕಲ್? ಪಕ್ಕದ ಮನೆಗೆ ತಾನೇ?" ಎಂದಳು ನೌರೀನ್. "ಭೂಮಿ ಕಾವೇರ್ತಿದೆ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರು ಹಿಡ್ಕೊಳ್ಳುತ್ತೆ. ಬಂದ್ರೆ ಒಂದೇ ಸಲ ಸುರಿದುಬಿಡುತ್ತೆ. ಇದಕ್ಕೆ ಯಾವ ಪಕ್ಷ ಏನು ಮಾಡುತ್ತೆ ಅಂತ ಓದಿದ್ದೀರಾ?"

"ಮಳೆಗೂ ಓಟಿಗೂ ಎಲ್ಲಿಯ ನಂಟಮ್ಮ? ನಮ್ಮ ಮನೆ ಓಟು ನಮ್ಮಪ್ಪನ ಕಾಲದಿಂದ ಒಂದೇ ಕಡೆ."

ಮರುದಿನ ನೌರೀನ್ ಮೂರು ಪಕ್ಷಗಳ ಪ್ರಣಾಳಿಕೆಯಿಂದ ಹವಾಮಾನದ ಪುಟಗಳನ್ನು ತಂದಳು. ಹೆಸರು, ಚಿಹ್ನೆ, ಫೋಟೋ ಎಲ್ಲವನ್ನೂ ಕತ್ತರಿಸಿ ತೆಗೆದಿದ್ದಳು.

"ಮುಖಗಳೆಲ್ಲಿ?" ಎಂದರು ಬೈಲಪ್ಪ.

"ಲ್ಯಾಬಲ್ಲಿ ನೀರು ಪರೀಕ್ಷೆ ಮಾಡುವಾಗ ಅದು ಯಾರ ಮನೆಯದು ಅಂತ ಹುಡುಗರಿಗೆ ಹೇಳಲ್ಲ. ಗೊತ್ತಾದ್ರೆ ಮನಸ್ಸು ಆ ಕಡೆಗೇ ವಾಲುತ್ತೆ."

ಮೊದಲ ಹಾಳೆಯಲ್ಲಿ 'ಹಸಿರು ನಗರ ಕಟ್ಟುತ್ತೇವೆ' ಎಂದಿತ್ತು. ಹೇಗೆ, ಯಾವಾಗ, ಹಣ ಎಲ್ಲಿಂದ, ಏನೂ ಇಲ್ಲ.

"ತಾರೀಖಿಲ್ಲದ ಲಗ್ನಪತ್ರಿಕೆ," ಎಂದರು ಅಣ್ಣಮ್ಮ.

ಎರಡನೆಯದರಲ್ಲಿ ವಿದ್ಯುತ್ ಬಸ್ಸುಗಳು ಎಷ್ಟು, ಯಾವ ವರ್ಷದೊಳಗೆ ಎಂದೆಲ್ಲ ಸ್ಪಷ್ಟವಾಗಿತ್ತು. ಕೆರೆಗೆ ಮಾತ್ರ ಸುತ್ತ ಬಣ್ಣದ ದೀಪ. ಮೂರನೆಯದರಲ್ಲಿ ಬಸ್ಸಿನ ಸುದ್ದಿಯೇ ಇರಲಿಲ್ಲ. ಆದರೆ ಎರಡು ವರ್ಷದಲ್ಲಿ ಮಳೆನೀರು ಹರಿಯುವ ರಾಜಕಾಲುವೆ ತೆರೆಯುತ್ತೇವೆ, ಒತ್ತುವರಿ ಯಾರದೇ ಇರಲಿ ತೆಗೆಯುತ್ತೇವೆ, ತಗಡಿನ ಚಾವಣಿಗೆ ಬಿಸಿಲು ತಡೆಯುವ ಬಣ್ಣ ಬಳಿಸುತ್ತೇವೆ ಎಂದಿತ್ತು. ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ಬರೆದಿದ್ದರು.

"ನಮಗೆ ಬೇಕಾಗಿರೋದು ಇದು," ಬೈಲಪ್ಪ ಮೂರನೆಯ ಹಾಳೆಯ ಮೇಲೆ ಬೆರಳಿಟ್ಟರು. "ನಮ್ಮೋರದ್ದೇ ಇರಬೇಕು."

"ಅಲ್ಲ ಅಂಕಲ್. ನಿಮ್ಮೋರದ್ದು ಮೊದಲನೇದು."

ಬೈಲಪ್ಪ ಬೆರಳು ತೆಗೆಯಲಿಲ್ಲ. ಆದರೆ ಒತ್ತುವರಿ ಎಂಬ ಮಾತು ಈಗ ಚುಚ್ಚಿತು. ಅವರ ಅಪ್ಪ ಊರಿನ ನೀರಗಂಟಿ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುತ್ತಿದ್ದವರು. ಆ ನೀರು ಹರಿಯುತ್ತಿದ್ದ ಕಾಲುವೆ ಈ ಮನೆಯ ಹಿಂದೆಯೇ ಇತ್ತು. ಅದೇ ಕಾಲುವೆಯ ಮೇಲೆ ಚಪ್ಪಡಿ ಹಾಸಿ, ಗೋಡೆ ಎಬ್ಬಿಸಿ, ಬೈಕ್ ನಿಲ್ಲಿಸಲು ಜಾಗ ಮಾಡಿದ್ದು ಬೈಲಪ್ಪನವರೇ.

"ಹಂಗಾದ್ರೆ ನಮ್ಮ ಗೋಡೇನೂ ಹೋಗುತ್ತೆ," ಎಂದರು ಮೆಲ್ಲಗೆ. ಅರೀಬಾ ಅವರ ಚಪ್ಪಲಿ ಹಾಕಿಕೊಂಡು ಹಜಾರದಲ್ಲಿ ಓಡಾಡುತ್ತಿದ್ದಳು. ಬೈಲಪ್ಪ ಅವಳನ್ನೇ ನೋಡುತ್ತ ಕೂತರು.

ಭಾನುವಾರ ಅಣ್ಣಮ್ಮನ ತಮ್ಮ ಕೆಂಪರಾಜ್ ಪಕ್ಷದ ಶಾಲು ಹಾಕಿಕೊಂಡು ಬಂದ. "ಭಾವ, ಮನೆ ಓಟು ಎಂದಿನಂಗೇ ತಾನೇ?"

"ಕಾಲುವೆಗೆ ನಿಮ್ಮೋರು ಏನ್ಮಾಡ್ತಾರೆ?"

"ಅದೆಲ್ಲ ಆಮೇಲೆ. ಕಾಲುವೆ ತೆರೀತೀವಿ ಅಂತಾರಲ್ಲ, ಆ ಪಕ್ಷ ಗೆದ್ದು ಬಂದ್ರೆ ಮೊದಲು ಒಡೆಯೋದು ನಿಮ್ಮ ಗೋಡೇನೇ, ತಿಳ್ಕೊಳ್ಳಿ."

ಬೈಲಪ್ಪ ಎದ್ದು ನಿಂತರು. "ಹೆದರಿಸ್ತೀಯೇನೋ? ಕಟ್ಟಿದೋನು ನಾನು, ಒಡೆಯೋನೂ ನಾನೇ. ನಾಳೆ ಮೇಸ್ತ್ರಿ ಬರ್ತಾನೆ. ನನ್ನ ಗೋಡೆ ತೋರಿಸಿ ಓಟು ಕೇಳೋಕೆ ಇನ್ನಾಗಲ್ಲ. ಮೇಲ್ಗಡೆ ದೊಡ್ಡ ದೊಡ್ಡ ಕಟ್ಟಡ ಕಾಲುವೆ ಮೇಲೆ ಕೂತಿವೆಯಲ್ಲ, ಅದನ್ನ ಯಾವಾಗ ತೆಗೀತೀರಿ? ನಿಮ್ಮ ಲೀಡರ್ ಹತ್ರ ಬರೆಸ್ಕೊಂಡು ಬಾ."

"ಹಂಗಾದ್ರೆ ಓಟು ಅವರಿಗಾ?"

"ಅವರು ಓಟು ಕೇಳೋಕೆ ಬಂದ್ರೆ ಬಸ್ಸೆಲ್ಲಪ್ಪ ಅಂತ ಕೇಳ್ತೀನಿ. ಓಟು ಯಾರಿಗೆ ಅಂತ ನಿನಗೂ ಹೇಳಲ್ಲ, ನಿಮ್ಮಕ್ಕನಿಗೂ ಹೇಳಲ್ಲ."

"ನಾನೇನು ಕೇಳಿದ್ನಾ?" ಎಂದರು ಅಣ್ಣಮ್ಮ. "ನನ್ನ ಓಟು ನನ್ನದು."

ಸೋಮವಾರ ಗೋಡೆ ಬಿತ್ತು, ಚಪ್ಪಡಿ ಎದ್ದಿತು. ಒಂದು ಮನೆಯವರು ಕಾಲುವೆಯ ಜಾಗ ಬಿಟ್ಟುಕೊಟ್ಟರೆ ಬೀದಿಯ ನೀರೆಲ್ಲ ಇಳಿಯುವುದಿಲ್ಲ. ನೌರೀನ್‌ಗೆ ಅದು ಗೊತ್ತು. ಆದರೂ ಅವಳು ಬೇರೆ ಮನೆ ಹುಡುಕುವುದನ್ನು ಬಿಟ್ಟಳು. ಕತ್ತರಿಸಿದ ಹಾಳೆಗಳನ್ನು ಹಿಡಿದು ಅಣ್ಣಮ್ಮನ ಜೊತೆ ಪಕ್ಕದ ಮನೆಯ ಬಾಗಿಲು ತಟ್ಟಿದಳು.

ನಿಮ್ಮ ಬೀದಿಗೂ ಓಟು ಕೇಳುವವರು ಬರುತ್ತಾರೆ. ಬರುವ ಮೊದಲು ಎಲ್ಲ ಪಕ್ಷಗಳ ಪ್ರಣಾಳಿಕೆ ತರಿಸಿ, ಚಿಹ್ನೆ ಮುಚ್ಚಿ ಓದಿ. ಮಳೆಗೆ, ಬಿಸಿಲಿಗೆ, ಕೆರೆಗೆ, ಬಸ್ಸಿಗೆ ಯಾರು ಏನು ಮಾಡುತ್ತಾರೆ, ಯಾವಾಗ, ಯಾವ ಹಣದಲ್ಲಿ ಎಂದು ಪಕ್ಕಪಕ್ಕ ಇಟ್ಟು ನೋಡಿ. ಒಮ್ಮೆ ನಿಮ್ಮ ಮನೆಯ ಹಿಂದೆಯೂ ಹೋಗಿ ನೋಡಿ ಬನ್ನಿ. ಆಮೇಲೆ ಗೇಟಿನಲ್ಲೇ ನಿಲ್ಲಿಸಿ ಕೇಳಿ. ಉತ್ತರ ಸಿಗುವವರೆಗೆ ಗೇಟು ತೆಗೆಯಬೇಡಿ.